ಮಜ್ಜಿಗೆಹುಲ್ಲಿನ ದಾಯಾದಿಗಳು

ಹಿತ್ತಲಲ್ಲಿ ಮಜ್ಜಿಗೆಹುಲ್ಲಿನ ಬುಡವೊಂದನ್ನು ನೆಟ್ಟುಕೊಂಡು, ಅದರ ಗರಿಯನ್ನು ಕಷಾಯಕ್ಕೋ ಮಜ್ಜಿಗೆಗೋ ಕಿವುಚಿ ಹಾಕಿ ತೃಪ್ತರಾಗುವವರಿಗೆ ಅದರ ವಂಶಾವಳಿಯ ಚಿಂತೆಯಿರುವುದಿಲ್ಲ. ಹುಲ್ಲುಗಳ ರುಚಿ ಹತ್ತಿದವನಿಗಾದರೋ ಆ ಬುಡ ಎಂದಾದರೂ ತೆನೆ ಬಿಟ್ಟುದುಂಟೇ ಎಂಬುದೇ ಮೊದಲ ಪ್ರಶ್ನೆ. ಬಿಡದಿದ್ದರೆ ಅದು ಬಹುಮಟ್ಟಿಗೆ ಸಿಂಬೊಪೋಗನ್ ಸಿಟ್ರೇಟಸ್. ಬುಡವೊಡೆದು ನೆಡುವ ಮನುಷ್ಯನನ್ನೇ ನೆಚ್ಚಿ ವಂಶ ಬೆಳೆಸಿಕೊಂಡು ಬಂದ ಆ ಹುಲ್ಲು ಹೂವಾಡುವುದೇ ಅಪೂರ್ವ. ಮಲೆಯಾಳದ ಬೆಟ್ಟಗಳಿಂದ ಕೊಚ್ಚಿಯ ಮಾರ್ಗವಾಗಿ ಪರದೇಶಗಳಿಗೆ ತೈಲವನ್ನೊದಗಿಸಿದ, ಅದೇ ಕುಲದ ಫ್ಲೆಕ್ಸುಯೋಸಸ್ ಹಾಗಲ್ಲ, ಧಾರಾಳವಾಗಿ ತೆನೆಯಿಕ್ಕಿ ಬೀಜ ಚೆಲ್ಲುತ್ತದೆ. ಎರಡರಲ್ಲಿಯೂ ಮೂಗಿಗೆ ತಾಕುವುದು ಸಿಟ್ರಾಲ್ ಎಂಬ ಒಂದೇ ದ್ರವ್ಯವಾದಕಾರಣ ಘ್ರಾಣದ ಸಾಕ್ಷ್ಯ ಇಲ್ಲಿ ನಡೆಯದು.

ಈ ಸಿಂಬೊಪೋಗನ್ ಕುಲದ ಹಲವು ಹುಲ್ಲುಗಳನ್ನು ಸಸ್ಯಶಾಸ್ತ್ರಜ್ಞ ಹ್ಯಾಕೆಲ್ 1889ರಲ್ಲಿ ಆಂಡ್ರೊಪೋಗನ್ ನಾರ್ಡಸ್ ಎಂಬ ಒಂದೇ ಹೆಸರಿನಡಿ ಕೂಡಿಹಾಕಿದ್ದನು. ಆ ಅವಿಭಕ್ತ ಕುಟುಂಬಕ್ಕೆ ಪಾಲುಪಟ್ಟಿ ಮಾಡಿಕೊಟ್ಟವನು ಕ್ಯೂ ಉದ್ಯಾನದ ಆಟ್ಟೊ ಸ್ಟಾಪ್ಫ್. ಭಾರತ ಮತ್ತು ಸಿಂಹಳದ ತೈಲತೃಣಗಳನ್ನು ಕುರಿತ ಅವನ 1906ರ ಪ್ರಬಂಧವನ್ನು ಓದದೆ ಈ ಹುಲ್ಲುಗಳ ಗೋಜಿಗೆ ಹೋಗತಕ್ಕದ್ದಲ್ಲವೆಂದೇ ನನ್ನ ಮತ.

ಮಾರ್ಟಿನಿ ಎಂಬ ಪ್ರಭೇದಕ್ಕೂ ನಮ್ಮ ಚರಿತ್ರೆಗೂ ಒಂದು ನಂಟುಂಟು. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಸೇನೆಯೊಡನಿದ್ದ ಲಖನೌದ ಕ್ಲಾಡ್ ಮಾರ್ಟಿನ್, ಬಾಲಾಘಾಟೆಂದು ಕರೆಯುತ್ತಿದ್ದ ಘಟ್ಟದ ಮೇಲಿನ ಸೀಮೆಯಲ್ಲಿ ದನಗಳು ಈ ಘಾಟಿನ ಹುಲ್ಲನ್ನು ಆಸೆಯಿಂದ ಮೇಯುವುದನ್ನೂ ಅವುಗಳ ಹಾಲುಬೆಣ್ಣೆಗಳೂ ಅದೇ ವಾಸನೆಯನ್ನು ಬೀರುವುದನ್ನೂ ಗಮನಿಸಿ ಬೀಜ ಕೂಡಿಟ್ಟುಕೊಂಡನು. ಅದು ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗನ ಕೈಸೇರಿ, 1820ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಮಾರ್ಟಿನ್ನನ ಹೆಸರಿನಿಂದಲೇ ನಿಂತಿತು. ಕದನದ ನಡುವೆ ಹುಲ್ಲಿನ ಬೀಜ ಆಯುವ ಮನುಷ್ಯನ ಮೇಲೆ, ಅವನು ಯಾವ ಪಕ್ಷದವನೇ ಆಗಿರಲಿ, ಸ್ವಲ್ಪ ಅಕ್ಕರೆ ಹುಟ್ಟದಿರದು. ಈ ಹುಲ್ಲಿನ ಗರಿಯ ಬುಡ ಹೃದಯಾಕೃತಿಯಲ್ಲಿ ಅಗಲಿಸಿ ದಂಟನ್ನು ತಬ್ಬಿಕೊಂಡಿರುತ್ತದೆ. ಅಷ್ಟಕ್ಕೂ ಸಂದೇಹ ತೀರದಿದ್ದರೆ, ಜೋಡಿ ಕಿರುತೆನೆಗಳಲ್ಲಿ ತೊಟ್ಟಿಲ್ಲದುದನ್ನು ಬಿಡಿಸಿ, ಅದರ ಕೆಳಹೊಟ್ಟನ್ನು ಸೂಜಿಯ ಮೊನೆಯಿಂದ ಹೊರಳಿಸಿ ಮಸೂರದಡಿ ಹಿಡಿದರೆ, ಬೆನ್ನಿನ ಕೆಳಭಾಗದಲ್ಲಿ ಆಳವಾದ ತೋಡೊಂದು ಸ್ಪಷ್ಟವಾಗಿ ಕಾಣುವುದು. ಸಿಟ್ರೊನೆಲ್ಲ ತೈಲದ ನಾರ್ಡಸ್, ವಿಂಟೇರಿಯಾನಸ್‌ಗಳಿಗೆ ಮಸೂರವೂ ಬೇಡ: ಬುಡದ ಒರೆಯನ್ನು ಸುಲಿದರೆ ಒಳಮೈ ಕೆಂಪಾಗಿರುತ್ತದೆ, ಸಿಟ್ರೇಟಸ್‌ನಲ್ಲಿ ಅದು ತಿಳಿಹಸುರು.

ಮಸೂರವೂ ಸೋಲುವ ಸ್ಥಳವೆಂದರೆ ಮಾರ್ಟಿನಿಯ ಒಳಭೇದಗಳಾದ ಮೋತಿಯಾ ಮತ್ತು ಸೋಫಿಯಾ. ಹೊಟ್ಟು, ತೋಡು ಎಲ್ಲವೂ ಎರಡಕ್ಕೂ ಸಮಾನ. ವರ್ಣತಂತುಗಳನ್ನು ಎಣಿಸಿದವರು ಮೋತಿಯಾದಲ್ಲಿ 20, ಸೋಫಿಯಾದಲ್ಲಿ 40 ಎಂದು ಹೇಳಿದುದು ಬಹುಕಾಲದ ಮೇಲೆ. ಅದಕ್ಕೆ ಮುಂಚೆಯೇ ಭಟ್ಟಿಯಿಳಿಸುವವರು, ಒಣ ಇಳಿಜಾರಿನ ಮೋತಿಯಾದಲ್ಲಿ ಗುಲಾಬಿಯ ಅತ್ತರಿಗೆ ಕಲಬೆರಕೆಗೊದಗುವ ಪರಿಮಳವನ್ನೂ, ತೇವದ ಕಾಡಿನ ಸೋಫಿಯಾದಲ್ಲಿ ಅದಕ್ಕಿಂತ ಕೀಳ್ದರದ ಒರಟು ವಾಸನೆಯನ್ನೂ ಕಂಡುಕೊಂಡು, ಬೆಲೆಯನ್ನೂ ಬೇರೆಬೇರೆಯಾಗಿ ಕಟ್ಟಿದ್ದರು. ಒಣಗಿಸಿ ಹಾಳೆಗೆ ಅಂಟಿಸಿದ ಮಾದರಿಯಲ್ಲಿ ಈ ಗಂಧ ಬಹಳ ಕಾಲ ನಿಲ್ಲುವುದಿಲ್ಲವಾದುದರಿಂದ, ಹುಲ್ಲು ಕೊಯ್ದ ಸ್ಥಳದಲ್ಲಿಯೇ ಗರಿಯೊಂದನ್ನು ಹೊಸಕಿ ಮೂಸಿ, ಊರು ತಾರೀಖುಗಳೊಡನೆ ವಾಸನೆಯನ್ನೂ ಚೀಟಿಯಲ್ಲಿ ಬರೆದಿಡತಕ್ಕದ್ದು.