ಅಮೃತಮತಿಯ ಆಯ್ಕೆ: ವಿಧಿಯೋ, ಹಾರ್ಮೋನೋ?

ಕೆಲವು ವರ್ಷಗಳ ಹಿಂದೆ ರಾಯದುರ್ಗದ ನಮ್ಮ ಬಂಧುಗಳ ಮನೆಯಲ್ಲಿ ಕೇಳಿದ ಮಾತು ಇದು. ಬಂದ ಮೂರು ಸಂಬಂಧಗಳನ್ನೂ ಮಗಳು ಒಲ್ಲೆನೆಂದಿದ್ದಳು. ಅನಂತಪುರದ ಹಾಸ್ಟೆಲಿನಲ್ಲಿ ಜೊತೆಗಿದ್ದ ಮಡಕಶಿರಾದ ಗೆಳತಿಯೊಂದಿಗೇ ಬಾಳುತ್ತೇನೆಂದು ಕೊನೆಗೆ ಬಾಯಿಬಿಟ್ಟಳು. ಮನೆಯ ಹಿರಿಯಾಕೆ ಅವಳ ತಾಯಿಗೆ ಹೇಳಿದರು: "ಹಾರ್ಮೋನು ಹೆಚ್ಚುಕಡಿಮಿ ಆಗಿರಬೇಕವ್ವಾ, ಬಳ್ಳಾರಿಗೆ ಕರಕೊಂಡು ಹೋಗಿ ತೋರಿಸ್ರಿ." ಹಿಂದಿನವರಾದರೆ ಗ್ರಹಚಾರ ಎನ್ನುತ್ತಿದ್ದರು. ಪದ ಬದಲಾಗಿತ್ತು, ಹುಡುಗಿಯನ್ನೇ ಕೂರಿಸಿಕೊಂಡು ಕೇಳುವವರು ಆಗಲೂ ಇರಲಿಲ್ಲ. ಅಂದು ನನಗೆ ಜನ್ನನ ನೆನಪಾಯಿತು.

1209ರ 'ಯಶೋಧರ ಚರಿತೆ' ಕನ್ನಡದಲ್ಲಿ ಹೆಣ್ಣಿನ ಆಯ್ಕೆಯನ್ನು ಎದುರಿಸಿದ ಹಳೆಯ ಕೃತಿಗಳಲ್ಲಿ ಮುಖ್ಯವಾದುದು. ಚೆಲುವನಾದ ಅರಸನ ಪಕ್ಕದಲ್ಲಿದ್ದೂ ರಾಣಿ ಅಮೃತಮತಿ ರಾತ್ರಿ ತೇಲಿಬಂದ ಹಾಡಿಗೆ ಮನಸೋಲುತ್ತಾಳೆ. ಹಾಡಿದವನು ಕುರೂಪಿಯಾದ ಮಾವುತ ಅಷ್ಟಾವಂಕ. ನೋಡಿಬಂದ ದೂತಿ ಅವನ ವಿಕಾರವನ್ನು ಒಂದೊಂದಾಗಿ ಬಣ್ಣಿಸಿದರೂ ರಾಣಿಯ ಮನಸ್ಸು ತಿರುಗುವುದಿಲ್ಲ. ಪ್ರೀತಿ ಹುಟ್ಟಿದ ಮೇಲೆ ರೂಪದ ಗೊಡವೆ ಏಕೆಂಬುದು ಅವಳ ಉತ್ತರದ ತಾತ್ಪರ್ಯ. ಜನ್ನ ಹೊಣೆಯನ್ನು ಮನ್ಮಥನ ಮೇಲೂ ವಿಧಿಯ ಮೇಲೂ ಹೊರಿಸುತ್ತಾನೆ. ಮುಂದೆ ಆಕೆ ಗಂಡನಿಗೂ ಅತ್ತೆಗೂ ವಿಷವಿಕ್ಕುವುದರಿಂದ ಓದುಗರಾದ ನಾವು ಆ ಅಪರಾಧದ ಬೆಳಕಿನಲ್ಲೇ ಮೊದಲಿನ ಒಲವನ್ನೂ ಅಳೆಯುತ್ತೇವೆ. ಇವೆರಡನ್ನೂ ಬೇರೆ ಬೇರೆಯಾಗಿ ಓದಬೇಕು. ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ'ದಲ್ಲಿ ರಾಣಿಗೆ ತನ್ನ ಪರವಾಗಿ ಮಾತಾಡುವ ಬಾಯಿ ಕೊಟ್ಟದ್ದು ಇಂಥ ಓದಿನಿಂದಲೇ ಎನ್ನಬಹುದು.

ವಿಧಿಯ ಜಾಗಕ್ಕೆ ಈಗ ಹಾರ್ಮೋನು ಬಂದಿದೆ. 1999ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಋತುಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವ ದಿನಗಳಲ್ಲಿ ಹೆಂಗಸರಿಗೆ ಹೆಚ್ಚು ಗಂಡುಕಳೆಯ ಮುಖ ಹಿಡಿಸುತ್ತದೆ ಎಂಬುದು ಅದರ ಸಾರ. ಈ ಮಾತು ಜಗತ್ತನ್ನೆಲ್ಲ ಸುತ್ತಿತು. 2018ರಲ್ಲಿ 584 ಮಹಿಳೆಯರ ಜೊಲ್ಲಿನಲ್ಲಿ ಹಾರ್ಮೋನುಗಳನ್ನು ಮತ್ತೆ ಮತ್ತೆ ಅಳೆದು ನೋಡಿದಾಗ ಅದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಈ ಮಾತು ಮಾತ್ರ ಅಷ್ಟು ದೂರ ಹೋಗಲಿಲ್ಲ. ಆ 584 ಮಂದಿಯೂ ಗಂಡಸರನ್ನು ಬಯಸುವವರೇ ಎಂಬುದನ್ನೂ ಗಮನಿಸಬೇಕು.

ದೇಹಕ್ಕೂ ಒಲವಿಗೂ ಸಂಬಂಧವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗರ್ಭದಲ್ಲಿದ್ದಾಗಲೇ ಗಂಡು ಹಾರ್ಮೋನಿನ ಪ್ರಭಾವಕ್ಕೆ ಹೆಚ್ಚಾಗಿ ಒಳಗಾದ ಹೆಣ್ಣುಮಕ್ಕಳಲ್ಲಿ ಹೆಣ್ಣಿನತ್ತ ಒಲವು ಸ್ವಲ್ಪ ಹೆಚ್ಚಾಗಿ ಕಂಡಿದೆ. ಆದರೆ ಅವರಲ್ಲೂ ಬಹುಪಾಲು ಮಂದಿ ಗಂಡಸರನ್ನೇ ಬಯಸುವವರು. ಬೆಳೆದ ಹೆಣ್ಣಿನ ರಕ್ತ ಪರೀಕ್ಷಿಸಿ ಅವಳು ಯಾರನ್ನು ಒಲಿಯುವಳೆಂದು ಹೇಳಬಲ್ಲ ವೈದ್ಯರಿಲ್ಲ. ಅದು ರೋಗವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೂ ಭಾರತೀಯ ಮನೋವೈದ್ಯರ ಸಂಘ 2018ರಲ್ಲೂ ಹೇಳಿವೆ.

ಈ ವಿಷಯದಲ್ಲಿ ಮಲಯಾಳದ ನೆರೆಯವರು ನಮಗಿಂತ ಮೊದಲೇ ತೊಡಕಿಗೆ ಕೈಹಾಕಿದರು. ಪದ್ಮರಾಜನ್ನರ 'ದೇಶಾಡನಕ್ಕಿಳಿ ಕರಯಾರಿಲ್ಲ' (1986) ಚಿತ್ರದಲ್ಲಿ ಶಾಲೆಯಿಂದ ಓಡಿಹೋಗುವ ಸ್ಯಾಲಿ, ನಿಮ್ಮಿಯರ ಒಲವಿಗೆ ಹೆಸರೇ ಇಲ್ಲ, ಕೊನೆಗೆ ಸಾವು. ಲಿಜಿ ಪುಲ್ಲಾಪಳ್ಳಿಯವರ 'ಸಂಚಾರಂ' (2004) ಚಿತ್ರದಲ್ಲಿ ಕಿರಣ್ ಸಾವಿನ ಅಂಚಿನಿಂದ ಹಿಂದಿರುಗುತ್ತಾಳೆ. ಎರಡೂ ಚಿತ್ರಗಳು ಕಾರಣ ಹುಡುಕುವುದಿಲ್ಲ. ಒಲಿದವರ ಮುಖ ನೋಡುತ್ತವೆ. 2022ರ ಮೇ 31ರಂದು ಕೇರಳ ಹೈಕೋರ್ಟು, ಒಟ್ಟಿಗೆ ಬಾಳಬಯಸಿದ ಇಬ್ಬರು ಯುವತಿಯರನ್ನು ಅವರ ಇಚ್ಛೆಯಂತೆ ಹೋಗಗೊಟ್ಟಿತು. ಕನ್ನಡದಲ್ಲಿ ವಸುಧೇಂದ್ರರ 'ಮೋಹನಸ್ವಾಮಿ' (2013) ಗಂಡಸರ ಬಗೆಗೆ ಆಡಿದಷ್ಟು ನೇರವಾದ ಮಾತು ಹೆಣ್ಣುಗಳ ಬಗೆಗೆ ಇನ್ನೂ ವಿರಳ.

ಗಡಿಯ ಕನ್ನಡ ಮನೆಗಳಿಗೆ ಇನ್ನೊಂದು ಭಯವಿದೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಗಿ ರಾಯದುರ್ಗ ಆಂಧ್ರದಲ್ಲೇ ಉಳಿಯಿತು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಮಡಕಶಿರಾದ ಕತೆಯೂ ಬೇರೆಯಲ್ಲ; ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಆ ಸೀಮೆಯಲ್ಲೇ ಇದೆ. ಮೊಳಕಾಲ್ಮೂರು, ಶಿರಾ, ಪಾವಗಡಗಳಿಗೆ ಹೆಣ್ಣು ಕೊಟ್ಟು ತಂದು ನಾವು ಭಾಷೆಯನ್ನು ಉಳಿಸಿಕೊಂಡೆವು. ಕಾಸರಗೋಡಿನ ಮನೆಗಳಿಗೂ ಇದು ಹೊಸತಲ್ಲ. ಮದುವೆಯೇ ಸೇತುವೆಯಾದಲ್ಲಿ ಒಲ್ಲೆನೆಂಬ ಹೆಣ್ಣು ಮನೆಮಂದಿಗೆ ಸೇತುವೆ ಮುರಿದವಳಂತೆ ಕಾಣುತ್ತಾಳೆ. ಆದರೆ ತನ್ನ ಮನದ ಮಾತನ್ನು ಮಗಳು ತಾಯಿನುಡಿಯಲ್ಲೇ ಹೇಳಲಾಗದಿದ್ದರೆ ಆ ನುಡಿ ಯಾರಿಗಾಗಿ ಉಳಿಯಬೇಕು?

ಬಳ್ಳಾರಿಯ ಪರೀಕ್ಷೆಯ ಚೀಟಿಯಲ್ಲಿ ಎಲ್ಲವೂ ಸರಿಯಾಗಿತ್ತು. ಹುಡುಗಿ ಈಗ ಯುಗಾದಿಗೂ ಊರಿಗೆ ಬರುವುದಿಲ್ಲ. ಅವಳ ತಾಯಿ ಆ ಚೀಟಿಯನ್ನು ಇನ್ನೂ ಪೆಟ್ಟಿಗೆಯಲ್ಲಿಟ್ಟಿದ್ದಾರೆ.