ಪಾಯಾ ಎಷ್ಟು ಆಳ, ಹೊಣೆ ಯಾರದು?

ವಿಜಯಪುರದ ಹೊಸ ಬಡಾವಣೆಗಳಲ್ಲಾಗಲಿ, ತಿಕೋಟಾ, ಬಬಲೇಶ್ವರದಲ್ಲಾಗಲಿ ಮನೆ ಕಟ್ಟಿಸುವವರು ಗೌಂಡಿಯ ಜೊತೆ ಮಾಡಿಕೊಳ್ಳುವ ಕರಾರು ಹೆಚ್ಚುಕಡಿಮೆ ಒಂದೇ ಅಚ್ಚಿನದು. ಚದರಡಿಗೆ ಇಷ್ಟು ದರ, ಇಷ್ಟು ಮುಂಗಡ, ಸ್ಲ್ಯಾಬ್ ಹಾಕಿದಾಗ ಇಷ್ಟು, ಇಂಥ ಹಬ್ಬದೊಳಗೆ ಕೆಲಸ ಮುಗಿಯಬೇಕು. ಹಿರಿಯರೊಬ್ಬರ ಎದುರು ಮಾತಾದರೆ ಆಯಿತು; ಬರೆದರೂ ಬಾಂಡ್ ಪೇಪರಿನ ಅರ್ಧ ಪುಟ. ನಂಬಿಕೆಯ ಮೇಲೆ ನಡೆಯುವುದು ತಪ್ಪೆಂದು ನಾನು ಹೇಳಲಾರೆ. 1872ರ ಭಾರತೀಯ ಕರಾರು ಕಾಯ್ದೆ ಬಾಯಿಮಾತಿನ ಕರಾರನ್ನೂ ಒಪ್ಪುತ್ತದೆ. ಆದರೆ ಈ ಅರ್ಧ ಪುಟದಲ್ಲಿ ದುಡ್ಡಿನ ಲೆಕ್ಕ ಬಿಟ್ಟರೆ ಹೊಣೆಯ ಮಾತೇ ಇರುವುದಿಲ್ಲ.

ನಮ್ಮ ನೆಲದಲ್ಲಿ ಈ ಕೊರತೆ ದುಬಾರಿಯಾಗುತ್ತದೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗರಸು ಹತ್ತುವ ತನಕ ಪಾಯಾ ಅಗೆಯಬೇಕೆಂಬುದನ್ನು ಗೌಂಡಿಗೆ ಯಾರೂ ಕಲಿಸಬೇಕಾಗಿಲ್ಲ. ನಾಲ್ಕು ಅಡಿಗೆ ಸಿಗುತ್ತದೆಂದುಕೊಂಡ ಗರಸು ಆರು ಅಡಿಯಾದರೂ ಸಿಗದಿದ್ದರೆ ಆ ಹೆಚ್ಚಿನ ಖರ್ಚು ಯಾರದು? ಮಾಲೀಕ, ‘ಎಲ್ಲಾ ದರದಾಗ ಬಂತಲ್ಲ’ ಎನ್ನುತ್ತಾನೆ. ಗೌಂಡಿ, ‘ಅದು ಬ್ಯಾರೆ’ ಎನ್ನುತ್ತಾನೆ. ಕಡೆಗೆ ಇಬ್ಬರೂ ರಾಜಿಯಾಗಿ ಆರು ಅಡಿಗೆ ನಿಲ್ಲಿಸಿಬಿಡುತ್ತಾರೆ. ಎರಡು ಮಳೆಗಾಲ ಕಳೆದು ಗೋಡೆ ಸೀಳಿದಾಗ ಒಬ್ಬ ಮಣ್ಣನ್ನು ದೂರುತ್ತಾನೆ, ಇನ್ನೊಬ್ಬ ಸಿಮೆಂಟನ್ನು. ನಕ್ಷೆಗೆ ಸಹಿ ಹಾಕಿದ ಎಂಜಿನಿಯರ್ ಪರವಾನಗಿಯ ಕಾಗದಕ್ಕಷ್ಟೇ ಬಂದವರು. ಪಾಯಾ ನೋಡಲು ಅವರನ್ನು ಕರೆದಿರುವುದೇ ಇಲ್ಲ. ಮಣ್ಣು ಪರೀಕ್ಷೆ ಮಾಡಿಸಿರುವುದೂ ಇಲ್ಲ.

ಸರ್ಕಾರಿ ಚರಂಡಿಯ ಗುತ್ತಿಗೆಗೂ ಅಳತೆ ಪುಸ್ತಕವಿದೆ, ದೋಷ ಸರಿಪಡಿಸುವ ಅವಧಿಯಿದೆ, ಬಿಲ್ಲಿನಲ್ಲಿ ಹಿಡಿದಿಡುವ ಠೇವಣಿಯಿದೆ. ಕಾಗದ ಇದ್ದ ಮಾತ್ರಕ್ಕೆ ಚರಂಡಿ ಚಲೋ ಆಗುತ್ತದೆ ಎಂದಲ್ಲ. ಆದರೆ ಕೆಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ. ಜೀವಮಾನದ ಗಳಿಕೆ ಸುರಿದು ಕಟ್ಟಿಸಿದ ಮನೆಗೆ ಅಷ್ಟೂ ಇಲ್ಲ.

‘ರೇರಾ ಇದೆಯಲ್ಲ’ ಎನ್ನುವವರು ಬಹಳ. 2016ರ ಆ ರಿಯಲ್ ಎಸ್ಟೇಟ್ ಕಾಯ್ದೆಯಂತೆ, ಮನೆ ವಶಕ್ಕೆ ಕೊಟ್ಟ 5 ವರ್ಷದೊಳಗೆ ರಚನಾ ದೋಷ ಕಂಡರೆ ಬಿಲ್ಡರ್ ಅದನ್ನು ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಆದರೆ ಅದು ಕಟ್ಟಿ ಮಾರುವವರಿಗೆ. ಸ್ವಂತ ನಿವೇಶನದಲ್ಲಿ ಗೌಂಡಿಯಿಂದ ಕಟ್ಟಿಸಿಕೊಂಡ ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಇಂಥವರಿಗಿರುವ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ದೂರಿಗೆ 2 ವರ್ಷದ ಗಡುವಿದೆ. ಆದರೆ ಆಯೋಗ ಮೊದಲು ಕೇಳುವುದು, ಏನು ಒಪ್ಪಿದ್ದಿರಿ ಎಂದು. ಅಲ್ಲಿ ಅರ್ಧ ಪುಟ ಕೈಕೊಡುತ್ತದೆ.

ಗೌಂಡಿಗೂ ಇದರಿಂದ ಅನ್ಯಾಯವೇ. ಮಾಲೀಕನ ಮನೆಯವರು ಬಂದುಬಂದು ಗೋಡೆ ಸರಿಸಿ, ಕಿಟಕಿ ಹೆಚ್ಚಿಸಿ ಎನ್ನುತ್ತಾರೆ. ಕಡೆಗೆ ಅದರ ಕೂಲಿ ಕೇಳಿದರೆ ಜಗಳ. ಪುಕ್ಕಟೆಯಾಗಿ ಮಾಡದ ಕೆಲಸದ ಲಾಭ ಪಡೆದವನು ಪರಿಹಾರ ಕೊಡಬೇಕೆಂದು ಅದೇ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಮಾಡಿದ ಕೆಲಸದ ಬಾಕಿಗೆ ದಾವೆ ಹೂಡಲು 3 ವರ್ಷ ಅವಕಾಶವಿದೆ. ಇದನ್ನು ಗೌಂಡಿಗೆ ಹೇಳುವವರು ಕಡಿಮೆ.

ಇನ್ನು ಜೀವದ ಮಾತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. ಆಗ ಪೊಲೀಸರು ಮಾಲೀಕರನ್ನೂ ಎಂಜಿನಿಯರನ್ನೂ ಬಂಧಿಸಿದರು. ‘ಎಲ್ಲಾ ಗುತ್ತಿಗೆದಾರನ ಜವಾಬ್ದಾರಿ’ ಎಂಬ ಸಾಲು ಕ್ರಿಮಿನಲ್ ಪ್ರಕರಣದಲ್ಲಿ ಮಾಲೀಕನನ್ನು ಕಾಪಾಡುವುದಿಲ್ಲ.

ಆದ್ದರಿಂದ ಮುಂದಿನ ಪಾಯಾ ಪೂಜೆಗೆ ಮೊದಲು ಎರಡು ಪುಟ ಕನ್ನಡದಲ್ಲಿ ಬರೆಯಿಸಿ. ಪಾಯಾ ಎಷ್ಟು ಆಳದ ತನಕ ದರದಲ್ಲಿ ಸೇರಿದೆ, ಅದಕ್ಕಿಂತ ಕೆಳಗೆ ಅಡಿಗೆ ಎಷ್ಟು, ಬಿರುಕು ಬಿಟ್ಟರೆ ಯಾರು ಎಷ್ಟು ವರ್ಷ ನೋಡಿಕೊಳ್ಳಬೇಕು, ಯಾವ ಎಂಜಿನಿಯರ್ ಯಾವ ಹಂತದಲ್ಲಿ ಬಂದು ನೋಡಬೇಕು, ಕೂಲಿಕಾರರ ಸುರಕ್ಷತೆ ಯಾರದು ಎಂಬುದೆಲ್ಲ ಅದರಲ್ಲಿರಲಿ. ನಡುವೆ ಏನಾದರೂ ಬದಲಾದರೆ ಅಂದೇ ಬರೆದು ಇಬ್ಬರೂ ಸಹಿ ಮಾಡಿ. ಬರೆದದ್ದನ್ನು ಗೌಂಡಿಗೆ ಓದಿ ಹೇಳಿ, ಒಂದು ಪ್ರತಿ ಅವರಿಗೂ ಕೊಡಿ.