ಎಂಟು ಚುಕ್ಕಿಯ ಮನೆಯಲ್ಲಿ ಒತ್ತಕ್ಷರ

ಬಿಟ್ಸಿಯ ಬಗ್ಗೆ ಬರೆಯುವವರೆಲ್ಲ ಮೊದಲು ಹೊಗಳುವುದು ಅದರ ಬಡತನವನ್ನು. ಆಡಮ್ ಲೆ ಡೂ 2017ರ ಸುಮಾರಿಗೆ ಹೊರತಂದ ಈ ಪುಟ್ಟ ತಂತ್ರಾಂಶದಲ್ಲಿ ಆಟ ಕಟ್ಟಲು ಕೋಡಿಂಗ್ ಬರಬೇಕಿಲ್ಲ, ದುಡ್ಡೂ ಬೇಕಿಲ್ಲ, ಒಂದು ಬ್ರೌಸರ್ ಇದ್ದರೆ ಸಾಕು. ಒಂದು ಕೋಣೆ ಎಂದರೆ ಅಡ್ಡಕ್ಕೆ 16, ಉದ್ದಕ್ಕೆ 16 ಮನೆ. ಚೌಕಾಬಾರದಲ್ಲಿ ಮನೆ ಅನ್ನುತ್ತೇವಲ್ಲ, ಅದೇ ಅರ್ಥದಲ್ಲಿ. ಒಂದೊಂದು ಮನೆಯೊಳಗೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಸಾಮಾನ್ಯವಾಗಿ ಒಂದು ಕೋಣೆಗೆ ಮೂರು ಬಣ್ಣ. ಚಲನೆ ಬೇಕೆಂದರೆ ಎರಡು ಚಿತ್ರ, ಒಂದಾದ ಮೇಲೊಂದು. ಮಾತು ಎರಡು ಸಾಲಿನ ಪೆಟ್ಟಿಗೆಯಲ್ಲಿ. ಅಂಕವಿಲ್ಲ, ಶತ್ರುವಿಲ್ಲ, ಗಡಿಯಾರವಿಲ್ಲ. ನಡೆಯಬಹುದು, ಎದುರಾದವರನ್ನು ಮಾತಾಡಿಸಬಹುದು, ಬಿದ್ದದ್ದನ್ನು ಎತ್ತಿಕೊಳ್ಳಬಹುದು, ಬಾಗಿಲು ದಾಟಬಹುದು. ಮುಗಿದ ಆಟ ಒಂದೇ ಒಂದು ಕಡತ; ಪೆನ್ ಡ್ರೈವಿನಲ್ಲಿ ಹಾಕಿ ಕೈಗೆ ಕೊಡಬಹುದು.

ಇದನ್ನು ತೋರಿಸಿದರೆ ಹೆಚ್ಚಿನವರು ಕೇಳುವ ಪ್ರಶ್ನೆ, ಇದರಲ್ಲಿ ಗೆಲ್ಲುವುದೇನು? ನಮ್ಮ ಭಾಗದಲ್ಲಿ ಈ ಪ್ರಶ್ನೆ ಬರಬಾರದಿತ್ತು. ಕನ್ನಡದಲ್ಲಿ ಕಬಡ್ಡಿಯೂ ಆಟ, ದೊಡ್ಡಾಟವೂ ಆಟ. ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ಸಂಗ್ಯಾ ಬಾಳ್ಯಾ ನೋಡಿ ಬಂದವರನ್ನು ಯಾರು ಗೆದ್ದರು ಅಂತ ಯಾರೂ ಕೇಳುವುದಿಲ್ಲ. ಬಿಟ್ಸಿ ಆ ಎರಡನೆಯ ಅರ್ಥದ ಆಟ.

ಆಳಂದ ತಾಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನಾನು ಸಂಶೋಧನೆ ಮಾಡುತ್ತಿದ್ದೇನೆ. ಇದನ್ನು ಬರೆಯಲು ಕಾರಣ ನನ್ನ ಮೂವರು ಗೆಳೆಯರು ಬಿಟ್ಸಿಯಲ್ಲಿ ಕಟ್ಟಿದ ಮೂರು ಆಟಗಳು. ಒಬ್ಬ ಆಳಂದದವನು, ಒಬ್ಬ ಅಫಜಲಪುರದ ಕಡೆಯವನು, ಒಬ್ಬಳು ಜೇವರ್ಗಿಯವಳು. ಮೂರೂ ಐದಾರು ನಿಮಿಷದ ಕೆಲಸಗಳು. ಗೆಳೆಯರವೆಂದು ರಿಯಾಯಿತಿ ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಆಳಂದದ ಆಟದಲ್ಲಿ ಮಾತೇ ಇಲ್ಲ. ತೊಗರಿ ಹೊಲದ ಸಾಲುಗಳ ನಡುವೆ ಒಬ್ಬ ನಡೆಯುತ್ತಾನೆ, ಅಷ್ಟೆ. ಮೊದಲ ಕೋಣೆಯಲ್ಲಿ ಪ್ರತಿ ಗಿಡವೂ ಎರಡು ಚಿತ್ರದ ನಡುವೆ ತೂಗುತ್ತದೆ. ಮುಂದಿನ ಕೋಣೆಯಲ್ಲಿ ನಾಲ್ಕಾರು ಗಿಡ ತೂಗುವುದಿಲ್ಲ. ಅದರ ಮುಂದಿನದರಲ್ಲಿ ಇಡೀ ಸಾಲು. ಬಣ್ಣ ಬದಲಾಗಿಲ್ಲ, ಆಕಾರ ಬದಲಾಗಿಲ್ಲ, ಗಿಡಕ್ಕೆ ಎರಡನೆಯ ಚಿತ್ರ ಬರೆದಿಲ್ಲ ಅಷ್ಟೇ. 2022ರಲ್ಲಿ ನೆಟೆ ರೋಗ ಬಿದ್ದ ತೊಗರಿ ಹೊಲ ನೋಡಿದವರಿಗೆ ವಿವರಣೆ ಬೇಕಾಗುವುದಿಲ್ಲ. ಹೊರಗಿನವರಿಗೆ ಏನೋ ತಾಂತ್ರಿಕ ದೋಷ ಅನ್ನಿಸಬಹುದು. ಆ ಅಪಾಯವನ್ನು ಅವನು ಗೊತ್ತಿದ್ದೇ ತೆಗೆದುಕೊಂಡಿದ್ದಾನೆ ಎನ್ನುವುದು ನನಗೆ ಹಿಡಿಸಿತು.

ಅಫಜಲಪುರದ್ದು ಮೂರರಲ್ಲಿ ದೊಡ್ಡದು, ಜಗಳಕ್ಕೂ ಯೋಗ್ಯವಾದದ್ದು. ವಸ್ತು 2020ರ ಅಕ್ಟೋಬರಿನ ಭೀಮಾ ಪ್ರವಾಹ. ಒಂದು ಒಳಕೋಣೆ, ಒಂದು ಅಂಗಳ. ಒಳಗೆ ಜೋಳದ ಚೀಲ, ರೇಷನ್ ಕಾರ್ಡು, ಮಗುವಿನ ಪಾಟಿಚೀಲ, ದೇವರ ಫೋಟೋ, ಒಂದು ಆಡಿನ ಮರಿ. ಒಂದನ್ನು ಮುಟ್ಟಿದರೆ ತಾನಾಗಿ ಅಂಗಳಕ್ಕೆ ಬರುತ್ತೀರಿ. ತಿರುಗಿ ಒಳಗೆ ಹೋದರೆ ನೀರು ಒಂದು ಸಾಲು ಮೇಲೆ ಬಂದಿರುತ್ತದೆ, ಆ ಸಾಲಿನಲ್ಲಿದ್ದದ್ದು ಕಾಣುವುದಿಲ್ಲ. ನಾನು ಮೊದಲ ಸಲ ಆಡಿದಾಗ ರೇಷನ್ ಕಾರ್ಡು ಮೊದಲು ಎತ್ತಿಕೊಂಡೆ. ಆಡಿನ ಮರಿಯ ಸಾಲು ಕೆಳಗಿತ್ತು.

ಆದರೆ ಬಿಟ್ಸಿಯಲ್ಲಿ ಗಡಿಯಾರವಿಲ್ಲ. ಆಡುವವನು ಅಲ್ಲಾಡದೆ ನಿಂತರೆ ನೀರೂ ನಿಲ್ಲುತ್ತದೆ. ಊಟ ಮಾಡಿಕೊಂಡು ಬಂದರೂ ಅದು ಅಲ್ಲೇ ಇರುತ್ತದೆ. ಅಂದರೆ ಈ ಆಟದ ಪ್ರಕಾರ ನೀರು ಏರುವುದು ನಾನು ಹೆಜ್ಜೆ ಇಟ್ಟಿದ್ದರಿಂದ. ಆ ಅಕ್ಟೋಬರಿನಲ್ಲಿ ನಡೆದದ್ದು ಹಾಗಲ್ಲ. ಮಹಾರಾಷ್ಟ್ರದ ಕಡೆ ಮಳೆ ಸುರಿದು, ಉಜನಿ ಮತ್ತು ವೀರ ಅಣೆಕಟ್ಟೆಗಳಿಂದ ನೀರು ಬಿಟ್ಟು, ಅದು ಭೀಮೆಯಲ್ಲಿ ಇಳಿದು ಬಂದು ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿತು. ಗೇಟು ಎತ್ತಿದ ಕೈ ಬೇರೆ ಎಲ್ಲೋ ಇತ್ತು. ಆಟದಲ್ಲಿ ಆ ಕೈ ಇಲ್ಲ. ತಪ್ಪಿತಸ್ಥ ಭಾವ ಮಾತ್ರ ಒಳಕೋಣೆಯವರ ಪಾಲಿಗೆ ಬರುತ್ತದೆ. ಇದು ರಾಜಕೀಯವಾಗಿ ಸರಿಯಲ್ಲ ಎಂದು ಅವನಿಗೆ ಹೇಳಿದೆ.

ಅವನು ಒಪ್ಪಲಿಲ್ಲ. "ನಮ್ಮವ್ವ ಅವತ್ತ ಮೂರ ಸಲ ಒಳಗ ಹೋಗಿ ಬಂದ್ಲು. ಹೋದಾಗೊಮ್ಮೆ ನೀರ ಏರಿತ್ತು. ನಮಗೆಲ್ಲಿ ಡ್ಯಾಮ ಕಾಣ್ತದ? ನೀರಷ್ಟೇ ಕಾಣ್ತದ."

ಈ ಮಾತಿಗೆ ನನ್ನಲ್ಲಿ ಅರ್ಧ ಉತ್ತರವಿದೆ. ಅವನ ಆಟಕ್ಕೆ ಅವ್ವನ ಗಡಿಯಾರ ಗೊತ್ತು, ಅಣೆಕಟ್ಟೆಯ ಗಡಿಯಾರ ಗೊತ್ತಿಲ್ಲ. ಎರಡನೆಯದನ್ನು ತರಲು ಅಂಗಳದಲ್ಲಿ ಒಬ್ಬ ಡಂಗುರದವನನ್ನು ನಿಲ್ಲಿಸಿದ್ದರೂ ಸಾಕಿತ್ತು. ಬಿಟ್ಸಿಯ ಬಡತನ ಅದಕ್ಕೆ ಅಡ್ಡಿಯಲ್ಲ. ಅವನ ಆಟದಲ್ಲಿ ಯಾರೂ ಮಾತಾಡದಿರುವುದಕ್ಕೆ ಇನ್ನೊಂದು ಕಾರಣವಿದೆ ಎಂದು ಆಮೇಲೆ ತಿಳಿಯಿತು. ಮಾತಾಡಿಸಲು ಹೋಗಿ ಸೋತಿದ್ದ.

ಸೋತದ್ದು ಎಲ್ಲಿ ಎಂದರೆ, ಬಿಟ್ಸಿಯ ಮಾತಿನ ಪೆಟ್ಟಿಗೆ ಹುಟ್ಟಿದ್ದೇ ಇಂಗ್ಲಿಷಿಗೆ. ಒಂದು ಅಕ್ಷರಕ್ಕೆ ಆರು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಚಿತ್ರ. ಒಂದರ ಪಕ್ಕ ಒಂದನ್ನು ಇಡುತ್ತ ಹೋದರೆ ಪದ. ಕನ್ನಡ ಹಾಗೆ ಸಾಲಾಗಿ ನಿಲ್ಲುವುದಿಲ್ಲ. 'ಭಕ್ತಿ' ಎಂದು ಬರೆಯಿರಿ. ಕಂಪ್ಯೂಟರಿನ ಸಂಕೇತದಲ್ಲಿ ಗುಡಿಸು ಬರುವುದು ತಕಾರದ ನಂತರ. ಕಣ್ಣಿಗೆ ಕಾಣುವಾಗ ಅದು ಕಕಾರದ ತಲೆಯ ಮೇಲೆ ಕೂರಬೇಕು, ತಕಾರ ಕೆಳಗಿಳಿದು ಒತ್ತಾಗಬೇಕು. ಈ ಜೋಡಣೆಯನ್ನು ಮಾಡಿಕೊಡುವ ಕೆಲಸ ನಮ್ಮ ಫೋನುಗಳಲ್ಲಿ ಯಾರಿಗೂ ಕಾಣದಂತೆ ನಡೆಯುತ್ತಿರುತ್ತದೆ. ಬಿಟ್ಸಿಯಲ್ಲಿ ಅದಿಲ್ಲ. ಅಸಾಧ್ಯವೆಂದಲ್ಲ. ಯುರೋಪಿನ ಭಾಷೆಗಳಿಗೆ, ಪೂರ್ವ ಏಷ್ಯಾದ ಲಿಪಿಗಳಿಗೆ, ಕೂಡಿಕೊಂಡು ಬಲದಿಂದ ಎಡಕ್ಕೆ ಹರಿಯುವ ಅರೇಬಿಕ್‌ಗೂ ಯಾರೋ ಕೂತು ಅಕ್ಷರ ಮಾಡಿಕೊಟ್ಟಿದ್ದಾರೆ.

ಹಾಗಾಗಿ ಕಡಿಮೆಯೇ ಚೆಂದ ಎನ್ನುವ ಮಾತನ್ನು ನಾನು ಅನುಮಾನದಿಂದ ನೋಡುತ್ತೇನೆ. ಯಾರ ಅಳತೆಯಲ್ಲಿ ಕಡಿಮೆ? ಎಂಟು ಚುಕ್ಕಿಯಲ್ಲಿ ಇಂಗ್ಲಿಷಿನ ಅಕ್ಷರ ಆರಾಮಾಗಿ ಕಾಲು ಚಾಚುತ್ತದೆ. ಇಂಗ್ಲಿಷಿನವರಿಗೆ ಮಿತಿ ಒಂದು ಛಂದಸ್ಸು, ಬೇಕೆಂದು ಹಾಕಿಕೊಂಡದ್ದು. ನಮಗದು ಮುಚ್ಚಿದ ಬಾಗಿಲು. ರೆಟ್ರೋ ಎನ್ನುವ ಮಾತಿನ ಕಥೆಯೂ ಇದೇ. ಆ ಚುಕ್ಕಿಚಿತ್ರಗಳು ಅವರಿಗೆ ಬಾಲ್ಯದ ಟಿವಿ ಆಟಗಳ ನೆನಪು. ನನ್ನ ವಯಸ್ಸಿನ ನಮ್ಮ ಕಡೆಯವರಿಗೆ ಹಳೆಯ ಆಟವೆಂದರೆ ಮಾವನ ನೋಕಿಯಾ ಫೋನಿನ ಹಾವು, ಅದೂ ಚಾರ್ಜ್ ಉಳಿದಿದ್ದರೆ.

ಒಂದು ಕಳ್ಳದಾರಿ ಇದೆ, ನಮಗೆ ಹೊಸದೂ ಅಲ್ಲ. ಯುನಿಕೋಡ್ ಬಳಕೆಗೆ ಬರುವ ಮೊದಲು ಬರಹ, ನುಡಿ ಫಾಂಟುಗಳು ಕನ್ನಡ ಅಕ್ಷರವನ್ನು ತುಂಡು ಮಾಡಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಬಿಟ್ಸಿಗೂ ಸ್ವಂತ ಫಾಂಟ್ ಕೊಡಬಹುದು. ಯಾರಾದರೂ ಮಾಡಬೇಕು.

ಜೇವರ್ಗಿಯವಳು ಆ ದಾರಿಯನ್ನೂ ಹಿಡಿಯಲಿಲ್ಲ. ಮಾತಿನ ಪೆಟ್ಟಿಗೆಯನ್ನೇ ಬಿಟ್ಟು ಅಕ್ಷರಗಳನ್ನು ನೆಲದ ಮೇಲೆ ಬರೆದಳು. ಓದುವಂಥ ಒಂದು ಕನ್ನಡ ಅಕ್ಷರಕ್ಕೆ ಅಗಲ ಎರಡು ಮನೆ, ಒತ್ತಿಗೂ ಜಾಗ ಬೇಕಾದ್ದರಿಂದ ಎತ್ತರ ಮೂರು. ಲೆಕ್ಕ ಹಾಕಿದರೆ ಸಾಲಿಗೆ ಎಂಟು ಅಕ್ಷರ, ಕೋಣೆಗೆ ಐದು ಸಾಲು, ಒಟ್ಟು ನಲವತ್ತು. ಅವಳ ಆಟ ಬಸ್ ಸ್ಟ್ಯಾಂಡಿನದು. ಸಂಜೆ ಕಾಲೇಜಿನಿಂದ ಊರಿಗೆ ಹೊರಟ ಹುಡುಗಿ ಕಾಯುತ್ತಾಳೆ. ಯಾರನ್ನಾದರೂ ಮುಟ್ಟಿದರೆ ಕೋಣೆ ಬದಲಾಗಿ ಅವರ ಮಾತೇ ಒಂದು ಕೋಣೆಯಾಗುತ್ತದೆ: "ಯಾವೂರಿಗಿ?", "ಒಬ್ಬಾಕಿನೇ ಏನ್?", "ಹೊತ್ತಾಯ್ತಲ್ಲ". ಆ ಮಾತಿನಿಂದ ಹೊರಬರಲು ಅವಳು ಅದರ ಅಕ್ಷರಗಳ ಸಂದಿಯಲ್ಲಿ ನಡೆದು ಬಾಗಿಲು ಹುಡುಕಬೇಕು. ಒತ್ತಕ್ಷರ ಗೋಡೆ, ದಾಟಲು ಬರುವುದಿಲ್ಲ. "ಒಬ್ಬಾಕಿನೇ" ಎಂಬುದರ ಬಕಾರದ ಒತ್ತಿನ ಕೆಳಗೆ ನಾನು ಎರಡು ಸಲ ಸಿಕ್ಕಿಬಿದ್ದೆ.

ಎರಡು ಸಾಲಿನ ಪೆಟ್ಟಿಗೆಯಲ್ಲಿ ಬಂದಿದ್ದರೆ ಈ ಪ್ರಶ್ನೆಗಳು ಓದಿ ಮರೆಯುವಂಥವು. ಇಲ್ಲಿ ಅವು ಅವಳ ಸುತ್ತ ನಿಂತುಕೊಳ್ಳುತ್ತವೆ. ಇಡೀ ಆಟದಲ್ಲಿ ನನಗೆ ಇಷ್ಟವಾಗದ್ದು ಕಂಡಕ್ಟರನ ಪಾತ್ರವೊಂದೇ, ಅವನು ನಗಿಸಲು ಬಂದವನು, ಬೇಕಿರಲಿಲ್ಲ. ಮಾತುಗಳನ್ನೆಲ್ಲ ದಾಟಿದ ಮೇಲೆ ಕೊನೆಯ ಕೋಣೆ. ಖಾಲಿ ನೆಲ, ನಡುವೆ ಎರಡು ಅಕ್ಷರ: ಬಂತು. ಒತ್ತಿಲ್ಲ, ಗೋಡೆಯಿಲ್ಲ, ಹುಡುಗಿ ನೇರ ನಡೆದು ಹೋಗುತ್ತಾಳೆ.